ಹಗಲು ಸೌಟು, ರಾತ್ರಿ ಬಣ್ಣ

ನಾಲ್ಕೇ ಪದದ ಒಂದು ಸಾಲು ಎರಡು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ. ಬರೆದವನು ನಾನೇ. ಸಾಗರದ ಹತ್ತಿರದ ನಮ್ಮ ಊರಿನ ತಂಡ ಒಂದು ಹಾಸ್ಯ ನಾಟಕ ಆಡಿತು. ಅದರ ಬ್ರೋಷರಿನ ಕೊನೆಯ ಪುಟದಲ್ಲಿ ‘ಕಲಾವಿದರ ಪರಿಚಯ’ ಬರೆಯುವ ಕೆಲಸ ನನ್ನ ತಲೆಗೆ ಬಂತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು ಅಂದ ಮೇಲೆ ಊರಲ್ಲಿ ಮದುವೆ ಕಾಗದದಿಂದ ಹಿಡಿದು ಶ್ರದ್ಧಾಂಜಲಿ ಬ್ಯಾನರಿನವರೆಗೆ ಎಲ್ಲ ಬರೆಯುವುದು ಅವನೇ ಅಲ್ವಾ. ಎಂಟು ಪುಟದ ಬ್ರೋಷರ್. ಐದು ಪುಟ ಜಾಹೀರಾತು: ಅಡಿಕೆ ಮಂಡಿ, ಮೆಡಿಕಲ್ ಶಾಪು, ಶಾಮಿಯಾನದವರು. ಅಚ್ಚಿನ ಖರ್ಚು ಹುಟ್ಟುವುದೇ ಅಲ್ಲಿ. ಉಳಿದದ್ದರಲ್ಲಿ ನಮ್ಮ ಹನ್ನೊಂದು ಜನ ನಟರು ತಲಾ ಮೂರು ಸಾಲಲ್ಲಿ ಕೂರಬೇಕು. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಒಬ್ಬರ ಹೆಸರಿನ ಕೆಳಗೆ ‘ಹಗಲು ಸೌಟು, ರಾತ್ರಿ ಬಣ್ಣ’ ಅಂತ ಬರೆದೆ. ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೆಂಡತಿಗೂ ಓದಿ ಹೇಳಿದೆ. ‘ಚೆನ್ನಾಗಿದೆ’ ಅಂದಳು, ಆದರೆ ಅವಳು ಆಗ ಅಕ್ಕಿ ಆರಿಸುತ್ತಿದ್ದಳು.

ನಿಜವಾದ ಹೆಸರುಗಳು ಇಲ್ಲಿ ಬೇಡ. ಎಲ್ಲರೂ ಊರಲ್ಲೇ ಇದ್ದಾರೆ, ನಾನೂ ಇದ್ದೇನೆ. ಪಾತ್ರದ ಹೆಸರಲ್ಲೇ ಕರೆಯುತ್ತೇನೆ. ನಾಟಕ ಫ್ರೆಂಚ್ ನಾಟಕಕಾರ ಮೊಲಿಯೇರನ ಜಿಪುಣನದ್ದು. ಕನ್ನಡದಲ್ಲಿ ಅದಕ್ಕೆ ರೂಪಾಂತರಗಳಿಗೇನೂ ಬರವಿಲ್ಲ, ಆದರೂ ನಾವು ನಮ್ಮ ಸೀಮೆಗೆ ಹೊಂದುವ ಹಾಗೆ ಒಂದನ್ನು ನಾವೇ ಹೊಸೆದುಕೊಂಡೆವು. ಮೂಲದಲ್ಲಿ ಹತ್ತು ಸಾವಿರ ನಾಣ್ಯ ತುಂಬಿದ ಪೆಟ್ಟಿಗೆ ಕೈತೋಟದಲ್ಲಿ ಹೂತಿರುತ್ತದೆ. ನಮ್ಮಲ್ಲಿ ಅಡಿಕೆ ಮಾರಿದ ದುಡ್ಡು ಹಾಲಿನ ಕ್ಯಾನಿನಲ್ಲಿ, ತೋಟದ ಮೂರನೇ ಸಾಲಿನ ಮರದ ಬುಡದಲ್ಲಿ. ಅಲ್ಲಿನ ಜಿಪುಣ ಹಾರ್ಪಗಾನ್ ಇಲ್ಲಿ ರಾಯರಾದರು. ಅಲ್ಲಿ ಅಡುಗೆಗೂ ಗಾಡಿ ಹೊಡೆಯುವುದಕ್ಕೂ ಒಬ್ಬನೇ ಆಳು, ಹೆಸರು ಜಾಕ್. ನಮ್ಮಲ್ಲಿ ಅವನು ಜಗ್ಗಣ್ಣ. ಒಂದೇ ಸಂಬಳಕ್ಕೆ ಜೀಪೂ ಓಡಿಸಬೇಕು, ಅಡುಗೆಯೂ ಮಾಡಬೇಕು.

ಈ ಜಗ್ಗಣ್ಣನ ಪಾತ್ರ ಯಾರಿಗೆ ಕೊಡೋಣ ಅಂತ ಚರ್ಚೆ ಆಗಲೇ ಇಲ್ಲ. ‘ಅಡುಗೆಯವರು ನಮ್ಮಲ್ಲೇ ಇದ್ದಾರಲ್ಲ’ ಅಂತ ಯಾರೋ ಅಂದರು, ಮುಗಿಯಿತು. ಯಾರೋ ಅಂದರೆ ನಾನೇ ಇರಬೇಕು.

ಆಷಾಢದ ತಾಲೀಮು

ನಮ್ಮ ಕಡೆ ತಾಲೀಮು ಯಾವಾಗ ಇಟ್ಟುಕೊಳ್ಳಬೇಕು ಅನ್ನುವುದನ್ನು ನಿರ್ದೇಶಕರು ತೀರ್ಮಾನ ಮಾಡುವುದಿಲ್ಲ, ಪಂಚಾಂಗ ಮಾಡುತ್ತದೆ. ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ಅಡುಗೆಯವರಿಗೆ ಕೆಲಸ ಇಲ್ಲ. ಹಾಗಾಗಿ ಜಗ್ಗಣ್ಣ ದಿನಾ ಸಂಜೆ ಏಳಕ್ಕೇ ಹಾಜರು. ರಾಯರ ಪಾತ್ರಧಾರಿ ಬ್ಯಾಂಕಿನಿಂದ ನಿವೃತ್ತರಾದವರು, ಅವರಿಗೆ ಎಲ್ಲ ಮಾಸವೂ ಒಂದೇ. ಕಷ್ಟ ಆದದ್ದು ಕ್ಯಾನ್ ಕದಿಯುವ ಹುಡುಗನ ವಿಷಯದಲ್ಲಿ. ಅವನು ನನ್ನ ಹಳೇ ವಿದ್ಯಾರ್ಥಿ. ಈಗ ಕೊನೆಗೌಡ. ಅಂದರೆ ಅಡಿಕೆ ಮರ ಹತ್ತಿ ಕೊನೆ ತೆಗೆಯುವವನು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವವನು. ಮಳೆ ಹೊಳವಾದ ದಿನ ಕತ್ತಲಾಗುವ ತನಕ ಅವನು ಮರದ ಮೇಲೇ. ತಾಲೀಮಿಗೆ ಬಂದರೂ ಕೂತಲ್ಲೇ ತೂಕಡಿಸುತ್ತಿದ್ದ. ಜಡಿಮಳೆ ಹಿಡಿದ ದಿನ ಮಾತ್ರ ಲವಲವಿಕೆಯಿಂದ ಬರುತ್ತಿದ್ದ. ಆದರೆ ಅವತ್ತು ಶಾಲೆಯ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹೀಗೆ ಅವನು ಇದ್ದಾಗ ಮಾತಿಲ್ಲ, ಮಾತು ಕೇಳುವಾಗ ಅವನಿಲ್ಲ. ಕೊನೆಗೆ ನಿರ್ದೇಶಕರು ಅವನ ಮಾತುಗಳನ್ನೆಲ್ಲ ಕತ್ತರಿಸಿ ಪಾತ್ರವನ್ನು ಹೆಚ್ಚೂಕಮ್ಮಿ ಮೂಕ ಮಾಡಿಬಿಟ್ಟರು. ಅದೇ ಒಳ್ಳೆಯದಾಯಿತು ಅನ್ನಿ.

ಅವನ ಕೈ ನೋಡಬೇಕಿತ್ತು ನೀವು. ಅವನು ಹೊಡೆಯುವ ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ನೀಲಿ ಉಗುರಿನ ಸಂದಿಗೆ ಇಳಿದರೆ ಸೋಪಿಗೂ ಜಗ್ಗುವುದಿಲ್ಲ. ಪ್ರದರ್ಶನದ ದಿನ ಮೇಕಪ್ಪಿನವರು ಅದಕ್ಕೆ ಬಣ್ಣ ಹಚ್ಚಲು ಹೋದರು. ನಿರ್ದೇಶಕರು ಬೇಡ ಅಂದರು. ಕ್ಯಾನ್ ಕದ್ದ ಮೇಲೆ ಅವನು ಎರಡೂ ಕೈಯನ್ನು ಬೆಳಕಿಗೆ ಹಿಡಿದು ದುಡ್ಡು ಎಣಿಸುವ ಹಾಗೆ ಬೆರಳು ಎಣಿಸುತ್ತಾನೆ. ಆ ನೀಲಿ ಉಗುರುಗಳು ಮುಂದಿನ ಸಾಲಿನಲ್ಲಿ ಕೂತಿದ್ದ ಎಲ್ಲ ಬೆಳೆಗಾರರಿಗೂ ಕಂಡವು. ಅವರು ನಕ್ಕರು, ಸ್ವಲ್ಪ ಹುಳಿ ಹುಳಿಯಾಗಿ.

ಹೆಣ್ಣು ಕುದುರಿಸಿಕೊಡುವ ಸರಸಕ್ಕನ ಪಾತ್ರ ಮಾಡಿದವರು ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಎರಡು ಮೆಷಿನ್, ಒಬ್ಬಳು ಸಹಾಯಕಿ. ಪರಿಚಯಕ್ಕೆ ಏನು ಬರೆಯಲಿ ಅಂತ ಕೇಳಿದ್ದಕ್ಕೆ ‘ಗೃಹಿಣಿ ಅಂತ ಹಾಕಿ ಮೇಷ್ಟ್ರೇ’ ಅಂದರು. ನನಗೆ ಬೇಸರವಾಯಿತು. ಸ್ವಂತ ದುಡಿಮೆ ಇರುವ ಹೆಂಗಸು ಯಾಕೆ ಹೀಗೆ ಹೇಳಬೇಕು ಅಂತ ಒಂದು ಸಣ್ಣ ಭಾಷಣವನ್ನೇ ಬಿಗಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: ‘ಟೈಲರ್ ಅಂತ ಹಾಕಿದ್ರೆ ಮುಂದಿನ ನಾಟಕದಿಂದ ಎಲ್ಲರ ಬಟ್ಟೆನೂ ನನ್ನ ತಲೆಗೇ ಕಟ್ತೀರಿ. ನಾನು ಪಾರ್ಟ್ ಮಾಡೋಕೆ ಬಂದಿದ್ದು.’ ಗೃಹಿಣಿ ಅಂತಲೇ ಹಾಕಿದೆ.

ರಾಯರು ಕೊಟ್ಟದ್ದು ಒಂದು ಪುಟ. ಯಾವ ಯಾವ ಶಾಖೆಯಲ್ಲಿ ಸೇವೆ, ಕಾಲೇಜಿನಲ್ಲಿ ಪಡೆದ ಬಹುಮಾನ, ತೋಟದಲ್ಲಿ ಮಾಡಿದ ಪ್ರಯೋಗ, ಮಕ್ಕಳು ಎಲ್ಲಿದ್ದಾರೆ ಅನ್ನುವುದರ ತನಕ. ಕತ್ತರಿಸಿ ಕತ್ತರಿಸಿ ಒಂಬತ್ತು ಸಾಲಿಗೆ ತಂದೆ. ಅದಕ್ಕಿಂತ ಕೆಳಗೆ ಅವರು ಒಪ್ಪಲಿಲ್ಲ. ಒಂದು ಮಾತು ಹೇಳಲೇಬೇಕು. ರಾಯರು ಜಿಪುಣರಲ್ಲ. ಎರಡು ತಿಂಗಳು ಹನ್ನೊಂದು ಜನರಿಗೆ ಚಹಾ, ಬೋಂಡಾ ಎಲ್ಲ ಅವರದ್ದೇ. ಅದೇ ಸಮಸ್ಯೆ ಆಗಿತ್ತು. ಅವರಿಗೆ ಜಿಪುಣತನ ಮಾಡಲು ಬರುತ್ತಿರಲಿಲ್ಲ. ಕಣ್ಣು ಸಣ್ಣ ಮಾಡುವುದು, ಕೈ ಉಜ್ಜುವುದು ಅಂತ ಸಿನಿಮಾದ ಜಿಪುಣನನ್ನು ಮಾಡುತ್ತಿದ್ದರು. ಒಂದು ದಿನ ಜಗ್ಗಣ್ಣ ಮೆಲ್ಲಗೆ ಹೇಳಿದರು: ‘ಯಜಮಾನ್ರೆ, ನೀವು ಬ್ಯಾಂಕಲ್ಲಿದ್ದಾಗ ನಾನೊಂದು ಸಲ ಸಾಲ ಕೇಳೋಕೆ ಬಂದಿದ್ದೆ. ಅವತ್ತು ಕೂತಿದ್ರಲ್ಲ, ಹಾಗೇ ಕೂತ್ಕೊಳಿ.’ ರಾಯರು ಒಂದು ಕ್ಷಣ ಪೆಚ್ಚಾದರು. ಆಮೇಲೆ ಕೂತರು. ಕನ್ನಡಕ ಮೂಗಿನ ತುದಿಗೆ ಇಳಿಯಿತು. ಎದುರಿದ್ದವನ ಮುಖ ನೋಡಲಿಲ್ಲ. ಕಾಗದ ಇಸಿದುಕೊಂಡು ಮೊದಲು ಅದರ ಹಿಂಬದಿ ತಿರುಗಿಸಿ ನೋಡಿದರು, ಅಲ್ಲಿ ಏನಾದರೂ ಬಚ್ಚಿಟ್ಟಿದ್ದಾರೇನೋ ಅನ್ನುವ ಹಾಗೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಜಿಪುಣ ಸಿಕ್ಕಿದ್ದ. ಜಗ್ಗಣ್ಣನಿಗೆ ಅವತ್ತು ಸಾಲ ಸಿಕ್ಕಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ.

ಮೂರು ಗುಂಡಿ

ಆ ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ದೃಶ್ಯ ಇದೆ. ಯಜಮಾನ ಊಟದ ಏರ್ಪಾಡು ಮಾಡಲು ಆಳನ್ನು ಕರೆಯುತ್ತಾನೆ. ಆಳು ಕೇಳುತ್ತಾನೆ, ನೀವು ಮಾತಾಡಬೇಕಾಗಿರುವುದು ಗಾಡಿಯವನ ಹತ್ತಿರವೋ ಅಡುಗೆಯವನ ಹತ್ತಿರವೋ ಅಂತ. ಅಡುಗೆಯವನ ಹತ್ತಿರ ಅಂದರೆ ಗಾಡಿಯವನ ಕೋಟು ಬಿಚ್ಚಿ ಅಡುಗೆಯವನಾಗಿ ನಿಲ್ಲುತ್ತಾನೆ. ಗಾಡಿಯ ವಿಷಯ ಬಂದರೆ ಮತ್ತೆ ಕೋಟು. ಇಷ್ಟೇ. 1668ರಲ್ಲಿ ಪ್ಯಾರಿಸಿನಲ್ಲಿ ನಗಿಸಿದ್ದು ಈಗಲೂ ನಗಿಸುತ್ತದೆ. ಒಬ್ಬನ ಸಂಬಳದಲ್ಲಿ ಇಬ್ಬರ ಕೆಲಸ ತೆಗೆಯುವ ಯಜಮಾನರು ಈಗಲೂ ಇದ್ದಾರಲ್ಲ.

ನಮ್ಮ ಜಗ್ಗಣ್ಣನಿಗೆ ಕೋಟಿಲ್ಲ, ಖಾಕಿ ಶರ್ಟು. ಒಳಗೆ ಬನಿಯನ್ನು, ಸೊಂಟಕ್ಕೆ ಸುತ್ತಿದ ಟವೆಲ್ಲು. ಶರ್ಟಿಗೆ ಮೂರೇ ಗುಂಡಿ ಉಳಿದಿವೆ. ಮೊದಲನೇ ಗುಂಡಿ ಬಿಚ್ಚುವಾಗ ಅವರಿನ್ನೂ ಡ್ರೈವರ್. ಒಂದು ಮೊಣಕೈ ಜೀಪಿನ ಕಿಟಕಿಯ ಮೇಲೆ ಇಟ್ಟವರ ಹಾಗೆ ಎಡಕ್ಕೆ ವಾಲಿದ ಮೈ. ಎರಡನೆಯದಕ್ಕೆ ಭುಜ ಇಳಿಯುತ್ತದೆ. ಮೂರನೆಯದಕ್ಕೆ ಸೊಂಟ ಸ್ವಲ್ಪ ಹಿಂದೆ ಹೋಗುತ್ತದೆ, ಒಲೆಯ ಝಳಕ್ಕೆ ಹಿಂದೆ ಸರಿದ ಹಾಗೆ. ಒಂದು ಕಣ್ಣು ಹೊಗೆಗೆ ಕಿರಿದಾಗುತ್ತದೆ. ಟವೆಲ್ಲು ಸೊಂಟದಿಂದ ಹೆಗಲಿಗೆ ಬರುತ್ತದೆ. ದನಿ ಅರ್ಧ ಮನೆ ಮೇಲೇರುತ್ತದೆ, ಕೊಪ್ಪರಿಗೆಯ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾದವರ ದನಿ. ಇದನ್ನು ಅವರು ಶಾಲೆಯ ಜಗಲಿಯ ಮೂಲೆಯಲ್ಲಿ ಒಬ್ಬರೇ ನಿಂತು ಎಷ್ಟು ಸಲ ಮಾಡಿರಬಹುದು? ನಾನು ನೋಡಿದ್ದೇ ಮೂವತ್ತು ನಲವತ್ತು ಸಲ. ಗುಂಡಿ ಬಿಚ್ಚುವುದು, ಹಾಕುವುದು. ಕಾಲಿಗೆ ಹತ್ತಿದ ಉಂಬಳ ಕಿತ್ತು ಎಸೆಯುವುದು, ಮತ್ತೆ ಗುಂಡಿ.

ನಗು ಹೇಗೆ ಕಾಯಬೇಕು ಅಂತ ಹುಡುಗರಿಗೆ ಹೇಳಿಕೊಟ್ಟದ್ದೂ ಅವರೇ. ನಿರ್ದೇಶಕರು ಟೈಮಿಂಗ್ ಟೈಮಿಂಗ್ ಅಂತ ಬಡಕೊಳ್ಳುತ್ತಿದ್ದರು, ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಜಗ್ಗಣ್ಣ ಹೇಳಿದರು: ‘ಪಂಕ್ತೀಲಿ ಸಾರು ಹಾಕಿದ ಮೇಲೆ ಅನ್ನ ಕಲಸೋಕೆ ಬಿಡಬೇಕು ಮಾರಾಯ. ಕಲಸ್ತಾ ಇರೋವಾಗಲೇ ಹುಳಿ ತಂದು ಸುರಿದ್ರೆ ಅವರು ಎರಡನ್ನೂ ಉಣ್ಣಲ್ಲ. ಹಾಗಂತ ಬಾಳೆ ಪೂರ್ತಿ ಖಾಲಿಯಾಗೋ ತನಕ ಕಾದ್ರೆ ಎದ್ದೇ ಹೋಗ್ತಾರೆ. ಕೊನೇ ತುತ್ತು ಬಾಯಿಗೆ ಹೋಗ್ತಿರೋವಾಗ ನೀನು ಎದುರಿಗಿರಬೇಕು.’ ನಗುವಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನಾನು ಎಲ್ಲೂ ಕೇಳಿಲ್ಲ.

ಕೊಡೆಯಿಂದ ಹೊಡೆಸಿಕೊಳ್ಳುವ ಜಾಗವೂ ಹಾಗೇ. ಊರವರು ನಿಮ್ಮ ಬಗ್ಗೆ ಏನಂತಾರೆ ಅಂತ ಯಜಮಾನನೇ ಒತ್ತಾಯ ಮಾಡಿ ಕೇಳುತ್ತಾನೆ, ಆಳು ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ, ಏಟು ತಿನ್ನುತ್ತಾನೆ. ರಾಯರಿಗೆ ಕೈ ಏಳುತ್ತಿರಲಿಲ್ಲ. ‘ನೀವು ಜೋರಾಗಿ ಬೀಸಿ, ಕೊಡೆ ಮುಟ್ಟೋಕೆ ಮುಂಚೆ ನಾನು ಬಾಗಿರ್ತೀನಿ’ ಅಂತ ಜಗ್ಗಣ್ಣನೇ ಲೆಕ್ಕ ಹೇಳಿಕೊಟ್ಟರು. ನೋಡುವವರಿಗೆ ಏಟು ಬಿತ್ತು ಅನಿಸಬೇಕು, ನೋವಾಯಿತು ಅನಿಸಬಾರದು.

ಪಾಯಸ

ಮೊದಲ ಪ್ರದರ್ಶನ ಗಣಪತಿ ಪೆಂಡಾಲಿನಲ್ಲಿ. ಊರೆಲ್ಲ ಇತ್ತು. ಮಳೆ ದೊಡ್ಡ ಮನಸ್ಸು ಮಾಡಿ ಒಂಬತ್ತಕ್ಕೆ ನಿಂತಿತ್ತು. ಬ್ರೋಷರನ್ನು ಬಾಗಿಲಲ್ಲೇ ಹಂಚಿದ್ದೆವು. ಯಾರೂ ಓದುವುದಿಲ್ಲ, ಬೀಸಣಿಗೆ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ಓದಿದ್ದರು. ಪರಿಚಯದವರ ಬಗ್ಗೆ ಅಚ್ಚಾದದ್ದನ್ನು ಯಾರು ಬಿಡುತ್ತಾರೆ.

ಖಾಕಿ ಶರ್ಟಿನ ದೃಶ್ಯ ಬಂತು. ಮೊದಲನೇ ಗುಂಡಿ ಬಿಚ್ಚಿದರು. ಎರಡನೆಯದಕ್ಕೆ ಕೈ ಹೋಗಿತ್ತಷ್ಟೆ. ಹಿಂದಿನಿಂದ ಒಬ್ಬ ಅವರ ಸ್ವಂತ ಹೆಸರು ಹಿಡಿದು ಕೂಗಿದ: ‘ಹೋಯ್, ಪಾಯಸ ತಳ ಹಿಡೀತು ನೋಡೋ!’ ಪೆಂಡಾಲು ಹಾರಿಹೋಗುವ ಹಾಗೆ ನಗು. ಸೌಟು ಸೌಟು ಅಂತ ಒಂದಿಬ್ಬರು ಹುಡುಗರು ಕೂಗಿದರು. ನಾನು ಸೈಡ್ ವಿಂಗಿನಲ್ಲಿ ನಿಂತಿದ್ದೆ. ಜಗ್ಗಣ್ಣನ ಬೆರಳು ಎರಡನೇ ಗುಂಡಿಯ ಮೇಲೆ ನಿಂತೇ ಇತ್ತು. ಎಷ್ಟು ಹೊತ್ತು ಅಂದರೆ, ಒಂದು ಸಲ ಉಸಿರು ತೆಗೆದುಕೊಳ್ಳುವಷ್ಟು. ಆಮೇಲೆ ಅವರು ಜನರ ಕಡೆ ಒಮ್ಮೆ ನೋಡಿ ರಾಯರ ಕಡೆ ತಿರುಗಿದರು. ‘ಯಜಮಾನ್ರೆ, ಇವರಿಗೆಲ್ಲ ಊಟ ಇದೆಯಾ? ಹಾಗಾದ್ರೆ ಸಾರಿಗೆ ನೀರು ಹಾಕ್ಬೇಕು.’ ರಾಯರು ಎಂದೂ ಸಮಯಕ್ಕೆ ಮಾತು ಹೊಳೆಯದವರು. ಅವತ್ತು ತಟ್ಟನೆ ‘ಹಾಕು, ಹಾಕು, ಹೊಳೆ ತುಂಬಿ ಹರೀತಿದೆ’ ಅಂದುಬಿಟ್ಟರು. ಮತ್ತೆ ನಗು. ಆ ರಾತ್ರಿಯ ಅತಿ ದೊಡ್ಡ ನಗು ಅದೇ. ನನಗೆ ಸಂತೋಷ ತಡೆಯಲಾಗಲಿಲ್ಲ. ನನ್ನ ಸಾಲಿಂದ ಹುಟ್ಟಿದ ನಗು ಅಲ್ವಾ.

ನಾಟಕ ಮುಗಿದ ಮೇಲೆ ಎಲ್ಲರೂ ಸ್ಟೇಜಿನ ಹಿಂದೆ ಬಂದರು. ರಾಯರ ಸುತ್ತ ಜನ. ‘ಎಂಥ ಅಭಿನಯ ಮಾರಾಯ್ರೆ! ನಿಮ್ಮಂಥ ಕೊಡುಗೈಯವರು ಅಂಥಾ ಜಿಪುಣನ್ನ ಹ್ಯಾಗೆ ಮಾಡಿದ್ರಿ?’ ಜಗ್ಗಣ್ಣನಿಗೂ ಶಹಬ್ಬಾಸ್‌ಗಿರಿ ಸಿಕ್ಕಿತು. ‘ನೀನು ಬಿಡು, ನೀನಿರೋದೇ ಹಾಗೆ’ ಅಂತ ಒಬ್ಬರು ಬೆನ್ನಿಗೆ ಹೊಡೆದರು. ‘ಆ್ಯಕ್ಟಿಂಗ್ ಮಾಡೋದೇ ಬೇಕಿಲ್ಲ ನಿಂಗೆ’ ಅಂದರು ಇನ್ನೊಬ್ಬರು. ಹೊಗಳಿಕೆಯೇ ಅದು, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ಜನ ಹೋದ ಮೇಲೆ ಜಗ್ಗಣ್ಣ ಹಳೇ ಪಂಚೆಯ ತುಂಡಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಮುಖದ ಬಣ್ಣ ಉಜ್ಜುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಪಾಯಸದ ಮಾತು ತೆಗೆದು ಮತ್ತೆ ನಕ್ಕೆ. ಅವರೂ ನಕ್ಕರು. ಕನ್ನಡಿ ನೋಡುತ್ತಲೇ ಹೇಳಿದರು: ‘ಮೇಷ್ಟ್ರೇ, ಮುಂದಿನ ಸಲ ಅಡುಗೆ ಕೆಲಸ ಅಂತ ಬರೀಬೇಡಿ.’

ಯಾಕೆ, ನಾಚಿಕೆಯಾ ಅಂತ ಕೇಳಿದೆ. ಪೆದ್ದು ಪ್ರಶ್ನೆ. ‘ನಾಚಿಕೆ ಎಂಥದ್ದು? ಐನೂರು ಜನಕ್ಕೆ ಅಡುಗೆ ಮಾಡ್ತೀನಿ, ಒಬ್ಬ ಎದ್ದು ಹೋಗಿದ್ದಿಲ್ಲ’ ಅಂದರು. ಆಮೇಲೆ ಸುಮ್ಮನೆ ಬಣ್ಣ ಉಜ್ಜಿದರು. ನಾನು ಏಳಬೇಕು ಅನ್ನುವಾಗ ಮತ್ತೆ ಶುರುಮಾಡಿದರು. ‘ಆ ಸೊಂಟ ಹಿಂದೆ ಹಾಕೋದು, ಕಣ್ಣು ಸಣ್ಣ ಮಾಡೋದು, ಅದು ನಾನಲ್ಲ. ನಾನು ಹಾಗೆ ನಿಲ್ಲಲ್ಲ, ನೋಡಿದೀರಲ್ಲ. ಅದು ನಂಗೆ ಕೆಲಸ ಕಲಿಸಿದ ಭಟ್ರು. ಹೊಗೆ ಕುಡಿದೂ ಕುಡಿದೂ ಒಂದು ಕಣ್ಣು ಹಾಗಾಗಿತ್ತು. ಅವ್ರು ಹೋಗಿ ಹನ್ನೆರಡು ವರ್ಷ ಆಯ್ತು. ಡ್ರೈವರ್ರೂ ಅಷ್ಟೇ, ಸ್ಟ್ಯಾಂಡಲ್ಲಿ ಒಬ್ಬನ್ನ ನೋಡ್ಕೊಂಡು ಮಾಡಿದ್ದು. ಎರಡು ತಿಂಗಳು ಮಾಡಿದೆ ಮೇಷ್ಟ್ರೇ. ಎಲ್ಲ ನಾನೇ ಅಂದ್ಕೊಂಡ್ರು.’

ನನಗೆ ಏನು ಹೇಳಬೇಕು ಅಂತ ಹೊಳೆಯಲಿಲ್ಲ. ಲೈಟಿನವರು ಬಂದು ಬಲ್ಬ್ ಬಿಚ್ಚಿಕೊಂಡು ಹೋದರು. ಅಷ್ಟಕ್ಕೇ ನಿಂತಿತು.

ಬೆಜಾರನ ಕಾಲು

ಆಮೇಲೆ ಮೊಲಿಯೇರನ ಬಗ್ಗೆ ಇನ್ನಷ್ಟು ಓದಿದೆ. ತಪ್ಪು ಮಾಡಿದ ಮೇಷ್ಟ್ರು ಮಾಡುವ ಪ್ರಾಯಶ್ಚಿತ್ತ ಅದೊಂದೇ. ಅವನು 1622ರಲ್ಲಿ ಹುಟ್ಟಿದ್ದು ಅರಮನೆಗೆ ಗಾದಿ, ಪರದೆ ಒದಗಿಸುವವರ ಮನೆಯಲ್ಲಿ. ಅಪ್ಪನ ಕೆಲಸ ಇವನಿಗೇ ಬರಬೇಕಿತ್ತು. ಕಾನೂನು ಓದಿಸಿದರು. ಎಲ್ಲ ಬಿಟ್ಟು 1643ರಲ್ಲಿ ನಾಟಕ ಕಂಪನಿ ಕಟ್ಟಿದ. ಎರಡೇ ವರ್ಷಕ್ಕೆ ಸಾಲ ಮೈಮೇಲೆ ಬಂದು ಜೈಲಿಗೂ ಹೋಗಿಬಂದ. ಆಮೇಲೆ ಹತ್ತು ಹನ್ನೆರಡು ವರ್ಷ ಊರೂರು ಅಲೆದು ಪ್ಯಾರಿಸಿಗೆ ವಾಪಸ್ಸಾದದ್ದು 1658ರಲ್ಲಿ. ಜಿಪುಣನ ನಾಟಕದಲ್ಲಿ ಅಪ್ಪ ಗುಟ್ಟಾಗಿ ಸಿಕ್ಕಾಪಟ್ಟೆ ಬಡ್ಡಿಗೆ ಸಾಲ ಕೊಡುತ್ತಾನೆ, ಸಾಲ ಕೇಳಿಕೊಂಡು ಬಂದವನು ನೋಡಿದರೆ ಸ್ವಂತ ಮಗ. ಸಾಲದ ರುಚಿ ಕಂಡವನೇ ಬರೆದ ದೃಶ್ಯ ಅದು.

ಹಾರ್ಪಗಾನನ ಪಾತ್ರವನ್ನು ಅವನೇ ಮಾಡಿದ. ಅವನಿಗೆ ಕೆಮ್ಮಿತ್ತು. ಕೆಮ್ಮನ್ನು ಮುಚ್ಚಿಡುವುದು ಹೇಗೆ? ಪಾತ್ರಕ್ಕೇ ಕೆಮ್ಮು ಬರೆದ. ಹೆಣ್ಣು ಕುದುರಿಸುವವಳು ನಿಮಗೆ ಕೆಮ್ಮು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂತ ಮುದುಕನನ್ನು ಉಬ್ಬಿಸುವ ಮಾತು ಅಲ್ಲಿದೆ. ನಮ್ಮ ಸರಸಕ್ಕನಿಗೂ ಅದೇ ಮಾತು ಉಳಿಸಿಕೊಂಡಿದ್ದೆವು. ಐದು ವರ್ಷ ಕಳೆದು 1673ರಲ್ಲಿ, ಕಾಯಿಲೆ ಇಲ್ಲದಿದ್ದರೂ ಇದೆ ಅಂದುಕೊಂಡ ರೋಗಿಯ ಪಾತ್ರ ಮಾಡಿ ಮನೆಗೆ ಹೋದವನು ಅದೇ ರಾತ್ರಿ ತೀರಿಕೊಂಡ. ಆ ಸಂಜೆ ನಕ್ಕವರ ಬಗ್ಗೆ ಯೋಚನೆ ಮಾಡಿದರೆ ಒಂಥರಾ ಆಗುತ್ತದೆ.

ಆ ನಾಟಕದಲ್ಲಿ ಪೆಟ್ಟಿಗೆ ಕದಿಯುವ ಆಳಿನ ಪಾತ್ರ ಮಾಡಿದವನು ಲೂಯಿ ಬೆಜಾರ್. (ಹೆಸರು ಕೇಳಿ ನಮ್ಮ ಹುಡುಗರು ಒಂದು ವಾರ ನಕ್ಕರು. ತಾಲೀಮಿಗೆ ಯಾರು ಸಪ್ಪಗೆ ಬಂದರೂ ‘ಏನ್ ಲೂಯಿ?’ ಅಂತ ಕೇಳುವುದು.) ಅವನಿಗೆ ಒಂದು ಕಾಲು ಕುಂಟು. ಮೊಲಿಯೇರ್ ಅದನ್ನೂ ನಾಟಕದೊಳಗೆ ಎಳೆದುಕೊಂಡ. ಹಾರ್ಪಗಾನ್ ಅವನನ್ನು ಕುಂಟ ನಾಯಿ ಅಂತ ಬಯ್ಯುತ್ತಾನೆ. ಪ್ಯಾರಿಸಿನ ಜನಕ್ಕೆ ಆ ಕುಂಟು ನಿಜ ಅಂತ ಗೊತ್ತಿತ್ತು, ಗೊತ್ತಿದ್ದಕ್ಕೇ ಜಾಸ್ತಿ ನಕ್ಕಿರಬೇಕು. ಎರಡು ವರ್ಷದ ಮೇಲೆ ಬೆಜಾರ್ ಕಂಪನಿಯಿಂದ ನಿವೃತ್ತನಾದ. ಕಂಪನಿ ಅವನಿಗೆ ಪಿಂಚಣಿ ಕೊಟ್ಟಿತಂತೆ. ನಮ್ಮಲ್ಲಿ ಬೋಂಡಾ ಅಷ್ಟೇ.

ಇದನ್ನು ಮೊದಲ ಸಲ ಓದಿದಾಗ ನನಗೆ ಸಮಾಧಾನವಾಯಿತು. ನೋಡಿ, ದೊಡ್ಡವರೂ ನಟನ ಬದುಕನ್ನು ನಗುವಿಗೆ ಬಳಸಿಕೊಂಡಿದ್ದಾರೆ, ನಾನು ಮಾಡಿದ್ದೇನು ಮಹಾ ಅಂತ. ಆಮೇಲೆ ಸಮಾಧಾನ ಇಳಿಯಿತು. ಕೆಮ್ಮು ಮೊಲಿಯೇರನದ್ದೇ, ಬರೆದವನೂ ಅವನೇ. ತನ್ನ ಕೆಮ್ಮಿಗೆ ಎಲ್ಲಿ ನಗಬೇಕು, ಎಲ್ಲಿ ಬೇಡ ಅನ್ನುವ ಹಿಡಿತ ಅವನ ಕೈಯಲ್ಲಿತ್ತು. ಬೆಜಾರನ ಕಾಲಿನ ವಿಷಯದಲ್ಲಿ ಆ ಹಿಡಿತ ಯಾರ ಕೈಯಲ್ಲಿತ್ತು? ಗುಬ್ಬಿ ವೀರಣ್ಣನವರೂ ಹಾಸ್ಯದ ಪಾತ್ರಗಳಿಗೇ ಹೆಸರಾದವರು. ಆದರೆ ಅವರು ಕಂಪನಿಯ ಯಜಮಾನರು. ಯಜಮಾನ ಆಳಿನ ವೇಷ ಹಾಕಿದರೆ ಜನ ಅವರ ಕಲೆ ನೋಡುತ್ತಾರೆ. ಆಳು ಆಳಿನ ವೇಷ ಹಾಕಿದರೆ ಏನು ನೋಡುತ್ತಾರೆ?

ನಮ್ಮ ಯಕ್ಷಗಾನದಲ್ಲಿ ರಾಜ ಗ್ರಾಂಥಿಕವಾಗಿ ಮಾತಾಡುತ್ತಾನೆ, ಅವನ ಎದುರಿಗೆ ನಿಂತ ಹಾಸ್ಯಗಾರ ಆಡುಮಾತಿನಲ್ಲಿ. ಬಾಲ್ಯದಿಂದ ನೋಡಿ ನೋಡಿ ನಮಗೆ ನಗು ಎಲ್ಲಿಂದ ಬರಬೇಕು ಅನ್ನುವುದು ಕಿವಿಗೆ ಕೂತುಬಿಟ್ಟಿದೆ. ಹಾಸ್ಯಗಾರರು ಎಷ್ಟು ಪುರಾಣ ತಿಳಿದಿರಬೇಕು, ಎದುರು ಪಾತ್ರಧಾರಿಯ ಪ್ರತಿ ಮಾತಿಗೂ ಎಷ್ಟು ಎಚ್ಚರ ಇಟ್ಟುಕೊಂಡಿರಬೇಕು ಅಂತ ಮೇಳದವರಿಗೆ ಗೊತ್ತು. ನೋಡುವ ನಾವು ಮಾತ್ರ ‘ಏನು ಸಹಜವಾಗಿ ಮಾಡ್ತಾನೆ’ ಅಂದು ಎದ್ದು ಚಹಾಕ್ಕೆ ಹೋಗುತ್ತೇವೆ. ನಾವು ನಾಟಕ ಹೊಸೆಯುವಾಗಲೂ ಹಾಗೇ ಮಾಡಿದ್ದೆವು ಅನ್ನುವುದು ಆಮೇಲೆ ಕಂಡಿತು. ರಾಯರಿಗೆ ಪುಸ್ತಕದ ಕನ್ನಡ. ಜಗ್ಗಣ್ಣನಿಗೂ ಕಳ್ಳ ಹುಡುಗನಿಗೂ ಅವರವರ ಮನೆಯ ಮಾತು. ರಾಯರ ಮನೆಯಲ್ಲೇನು ಪುಸ್ತಕದ ಕನ್ನಡ ಆಡುತ್ತಾರಾ? ಅವರ ಮನೆಮಾತನ್ನು ನಾವು ನಾಟಕಕ್ಕೆ ತರಲೇ ಇಲ್ಲ. ಜಾತಿಯ ವಿಷಯ ಬೇಡ ಅಂತ ಎಲ್ಲರೂ ಒಪ್ಪಿದ್ದೆವು. ಅದು ಮಾತಿನೊಳಗಿಂದ ನುಸುಳಿ ಬಂದು ಸ್ಟೇಜಿನ ಮೇಲೆ ಕೂತಿತ್ತು.

ಹೆಗ್ಗೋಡು ನಮಗೆ ದೂರವಲ್ಲ. 1949ರಿಂದ ಅಲ್ಲಿ ನೀನಾಸಮ್ ನಾಟಕ ಸಂಸ್ಥೆ ಇದೆ, 1985ರಿಂದ ಅದರ ಸಂಚಾರಿ ತಂಡ ‘ತಿರುಗಾಟ’ ಹೊರಡುತ್ತಿದೆ. ನಮ್ಮೂರಿನವರಿಗೆ ನಾಟಕದ ಹುಚ್ಚು ಹಿಡಿದದ್ದೂ ಅಲ್ಲಿಂದಲೇ. ತಿರುಗಾಟದ ನಾಟಕ ನೋಡುವಾಗ ಇವತ್ತು ರಾಜನಾದವನು ನಾಳೆ ಬಾಗಿಲು ಕಾಯುತ್ತಾನೆ. ಅವನ ಅಪ್ಪ ಏನು ಕೆಲಸ ಮಾಡುತ್ತಾನೆ ಅಂತ ನನಗೆ ಗೊತ್ತಿಲ್ಲ, ಗೊತ್ತಾಗಬೇಕು ಅಂತ ಅನಿಸಿದ್ದೂ ಇಲ್ಲ. ಊರ ತಂಡಕ್ಕೆ ಆ ಭಾಗ್ಯ ಇಲ್ಲ. ಪ್ರೇಕ್ಷಕರಲ್ಲಿ ಅರ್ಧ ಜನ ಜಗ್ಗಣ್ಣನ ಕೈಯಡುಗೆ ಉಂಡವರು. ಬ್ರೋಷರಿನಲ್ಲಿ ಬರೆದರೂ ಗೊತ್ತು, ಬರೆಯದಿದ್ದರೂ ಗೊತ್ತು. ಹಾಗಾದರೆ ನನ್ನ ಸಾಲಿಂದ ಆದದ್ದೇನು? ಜನಕ್ಕೆ ಗೊತ್ತಿದ್ದದ್ದಕ್ಕೆ ನಾನು ಅಚ್ಚು ಹಾಕಿ ಪರ್ಮಿಷನ್ ಕೊಟ್ಟ ಹಾಗಾಯಿತು. ಇವರನ್ನು ಹೀಗೆ ನೋಡಿ ಅಂತ. ರಾಯರ ಒಂಬತ್ತು ಸಾಲು ಜನ ಓದಿದ್ದು ‘ಇಷ್ಟೆಲ್ಲ ಇದ್ದೂ ಜಿಪುಣನ ಪಾತ್ರ ಮಾಡಿದ್ದಾರೆ’ ಅಂತ. ಜಗ್ಗಣ್ಣನ ಒಂದು ಸಾಲು ಓದಿದ್ದು ‘ಓ, ಅದಕ್ಕೇ’ ಅಂತ. ‘ಅದಕ್ಕೇ’ ಅಂದ ಮೇಲೆ ಎರಡು ತಿಂಗಳ ಗುಂಡಿಗೆ ಲೆಕ್ಕ ಎಲ್ಲಿ?

ಇನ್ನೊಂದು ವಿಷಯ. ಈ ಬರಹದ ಮೊದಲ ಕರಡಿನಲ್ಲಿ ರಾಯರು ‘ಬಂದರು’, ಜಗ್ಗಣ್ಣ ‘ಬಂದ’. ಓದಿ ನೋಡುವಾಗ ಕಂಡಿತು. ಇಬ್ಬರೂ ನನಗಿಂತ ದೊಡ್ಡವರು. ಒಂದೊಂದೇ ಕ್ರಿಯಾಪದ ಹುಡುಕಿ ತಿದ್ದಿದೆ. ಎಷ್ಟು ಕಡೆ ತಿದ್ದಿದೆ ಅಂತ ಹೇಳಲು ನನಗೆ ಇಷ್ಟವಿಲ್ಲ.

ಶಿವಮೊಗ್ಗದಲ್ಲಿ

ಎರಡನೇ ಪ್ರದರ್ಶನ ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ. ಸೆಟ್ಟು, ಜನ, ಹಾಲಿನ ಕ್ಯಾನು ಎಲ್ಲ ಒಂದೇ ಟೆಂಪೋದಲ್ಲಿ. ಆನಂದಪುರದಲ್ಲಿ ಚಹಾ, ಕುಂಸಿ ದಾಟುವಾಗ ಸರಸಕ್ಕನಿಗೆ ವಾಂತಿ, ಆಯನೂರಿನಲ್ಲಿ ಮತ್ತೆ ಚಹಾ. ಬ್ರೋಷರ್ ಹೊಸದಾಗಿ ಅಚ್ಚಾಗಿತ್ತು. ಕೊನೆಯ ಪುಟದಲ್ಲಿ ಬರೀ ಪಾತ್ರದ ಹೆಸರು, ಎದುರಿಗೆ ನಟರ ಹೆಸರು. ಎಲ್ಲರದ್ದೂ ಒಂದೇ ಅಳತೆಯ ಅಕ್ಷರ. ರಾಯರು ಎರಡು ಸಲ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ವಾಪಸ್ ಬರುವಾಗ ಟೆಂಪೋದಲ್ಲಿ ಬೋಂಡಾ ಇರಲಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ.

ಖಾಕಿ ಶರ್ಟಿನ ದೃಶ್ಯಕ್ಕೆ ನಾನು ಒಳಗಿಂದ ಹೊರಗೆ ಬಂದು ಪ್ರೇಕ್ಷಕರ ನಡುವೆ ಕೂತೆ. ಮೊದಲನೇ ಗುಂಡಿಗೆ ಏನೂ ಇಲ್ಲ. ಎರಡನೆಯದಕ್ಕೆ ಯಾರೋ ಒಬ್ಬರು ಮೆಲ್ಲಗೆ ‘ಹ್ಹ’ ಅಂದರು. ಸೊಂಟ ಹಿಂದೆ ಹೋಗಿ ಕಣ್ಣು ಕಿರಿದಾಗುವಾಗ ನನ್ನ ಪಕ್ಕದ ಹೆಂಗಸು ಗಂಡನ ತೋಳು ಹಿಡಿದು ‘ಅಯ್ಯೋ, ಬೇರೆ ಮನುಷ್ಯನೇ ಆಗ್ಬಿಟ್ರು ನೋಡಿ’ ಅಂದಳು. ಅಲ್ಲಿಂದ ನಗು ಎದ್ದಿತು. ಪೆಂಡಾಲಿನ ನಗುವಿನಷ್ಟು ದೊಡ್ಡದಲ್ಲ. ಅದರ ಅರ್ಧವೂ ಇರಲಿಕ್ಕಿಲ್ಲ. ಜಗ್ಗಣ್ಣ ಕೊನೇ ತುತ್ತಿನ ತನಕ ಕಾದು ಮುಂದಿನ ಮಾತು ಬಡಿಸಿದರು.

ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದೆವು. ಅರ್ಧ ಬಣ್ಣ ಉಳಿದಿದ್ದ ಜಗ್ಗಣ್ಣನ ಹತ್ತಿರ ಹಿರಿಯರೊಬ್ಬರು ಬಂದರು. ಪಂಚೆ, ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನಮ್ಮ ಬ್ರೋಷರ್. ತುಂಬಾ ಚೆನ್ನಾಗಿ ಮಾಡಿದಿರಿ ಅಂದರು. ಆಮೇಲೆ ನಮ್ಮ ಕಡೆಯವರು ಕೇಳದೇ ಬಿಡದ ಪ್ರಶ್ನೆ ಕೇಳಿಯೇ ಬಿಟ್ಟರು. ‘ತಾವು ಏನು ಕೆಲಸದಲ್ಲಿರೋದು?’

ಜಗ್ಗಣ್ಣ ನನ್ನ ಕಡೆ ಒಮ್ಮೆ ನೋಡಿದರು. ‘ಬ್ಯಾಂಕಲ್ಲಿ’ ಅಂದರು.

‘ಹೌದಾ? ಒಳ್ಳೇದಾಯ್ತು. ಬೆಳೆಸಾಲದ್ದು ಸ್ವಲ್ಪ ಕೇಳೋದಿತ್ತು ನನಗೆ.’

ರಾಯರು ಪಕ್ಕದಲ್ಲೇ ಇದ್ದರು. ಬಾಯಿ ತೆರೆಯಲು ಹೋದವರು ಹಾಗೇ ನಿಂತರು. ಜಗ್ಗಣ್ಣ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಹಿರಿಯರ ಮುಖ ನೋಡಲಿಲ್ಲ. ಕೈ ಚಾಚಿ ಅವರ ಬ್ರೋಷರ್ ಇಸಿದುಕೊಂಡು, ಮೊದಲು ಅದರ ಹಿಂದಿನ ಪುಟ ತಿರುಗಿಸಿ ನಿಧಾನವಾಗಿ ನೋಡಿದರು.

‘ಪಹಣಿ ತಂದಿದೀರಾ?’